ಹನ್ನೊಂದು ನಿಮಿಷ, ಎಂಟು ಪುಟ: ಒಂದೇ ಕತೆಯನ್ನು ಕಾರ್ಟೂನಿಗೂ ಕಾಮಿಕ್ಸಿಗೂ ಬರೆದು ನೋಡಿದಾಗ

ಟಿವಿ ಕಾರ್ಟೂನಿಗೆ ಬರೆಯೋದು ಒಳ್ಳೇದಾ, ಕಾಮಿಕ್ಸಿಗೆ ಬರೆಯೋದು ಒಳ್ಳೇದಾ? ಮೈಸೂರಿನಲ್ಲಿ ಕತೆ ಬರೆಯುವ ಹುಡುಗ ಹುಡುಗಿಯರು ನನ್ನನ್ನು ಜಾಸ್ತಿ ಕೇಳುವುದು ಇದನ್ನೇ. ನಾನು ಎರಡನ್ನೂ ಮಾಡಿದ್ದೇನೆ. ಒಂದು ಕತೆಯನ್ನಂತೂ ಎರಡಕ್ಕೂ ಬರೆದಿದ್ದೇನೆ. ಆ ಕತೆಯನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ.

ಪಾಂಡವಪುರದ ಹತ್ತಿರ ನಮ್ಮ ಸೋದರಮಾವನ ಆಲೆಮನೆ ಇದೆ. ಕತೆ ಹುಟ್ಟಿದ್ದು ಅಲ್ಲೇ. ಅಚ್ಚಿಗೆ ಹಾಕಿಟ್ಟ ಬೆಲ್ಲ ರಾತ್ರಿ ಕಾಣೆಯಾಗುತ್ತದೆ. ದೆವ್ವದ ಕೆಲಸ ಅಂತ ಊರೆಲ್ಲಾ ಮಾತು. ಹತ್ತು ವರ್ಷದ ಪುಟ್ಟಿ ಆಳುಗಳು ಊಟಕ್ಕೆ ಹೋದ ಹೊತ್ತಲ್ಲಿ ಕಂಬದ ಹಿಂದೆ ಅವಿತು ಕೂರುತ್ತಾಳೆ. ಕೊಪ್ಪರಿಗೆಯ ಹಬೆ ಸರಿದಾಗ ಆಚೆ ಎರಡು ಕಣ್ಣು ಹೊಳೆಯುತ್ತವೆ. ಕಳ್ಳ ಯಾರು ಅಂದರೆ, ಒಂದು ಮರಬೆಕ್ಕು. ಇಷ್ಟೇ ಕತೆ.

ಮೊದಲು ಕಾರ್ಟೂನಿಗೆ ಬರೆದೆ. 11 ನಿಮಿಷದ ಕಂತು. ಬರೆಯುವುದೂ ಹಂತ ಹಂತವಾಗಿ. ಮೊದಲು ಒಂದು ಪುಟದಲ್ಲಿ ಕತೆಯ ಎಳೆ. ಅದು ಒಪ್ಪಿಗೆಯಾದರೆ ದೃಶ್ಯ ದೃಶ್ಯವಾಗಿ ನಾಲ್ಕು ಪುಟ. ಅದೂ ಒಪ್ಪಿಗೆಯಾದರೆ ಮಾತು ಸೇರಿಸಿ ಪೂರ್ತಿ ಸ್ಕ್ರಿಪ್ಟ್. ನನ್ನದು ಹದಿನಾರು ಪುಟ ಆಯಿತು. ಸಿನಿಮಾ ಸ್ಕ್ರಿಪ್ಟಿನಲ್ಲಿ ಪುಟಕ್ಕೊಂದು ನಿಮಿಷ ಅಂತ ಲೆಕ್ಕ ಹಾಕುತ್ತಾರಲ್ವಾ, ಕಾರ್ಟೂನಿಗೆ ಅದು ಕೂಡಿಬರುವುದಿಲ್ಲ. ಯಾರು ಎಲ್ಲಿ ನಿಂತಿದ್ದಾರೆ, ಕೈ ಎಲ್ಲಿದೆ, ಕಣ್ಣು ಯಾವ ಕಡೆ, ಎಲ್ಲವನ್ನೂ ಬರೆಯಬೇಕು. ಬರೆಯದೇ ಇದ್ದದ್ದನ್ನು ಯಾರೂ ಬಿಡಿಸುವುದಿಲ್ಲ. ಆಮೇಲೆ ದೃಶ್ಯಗಳನ್ನು ಸಾಲಾಗಿ ಚಿತ್ರದಲ್ಲಿ ಹಾಕಿಕೊಳ್ಳುವ ಸ್ಟೋರಿಬೋರ್ಡ್, ಧ್ವನಿ ರೆಕಾರ್ಡಿಂಗ್, ಬೋರ್ಡಿನ ಚಿತ್ರಗಳನ್ನು ಧ್ವನಿಗೆ ಜೋಡಿಸಿದ ಅನಿಮ್ಯಾಟಿಕ್. ಇಷ್ಟೆಲ್ಲಾ ಮುಗಿದ ಮೇಲೆ ಅನಿಮೇಷನ್ ಶುರು.

ಹಬೆಯ ದೃಶ್ಯಕ್ಕೆ ನಾನು ಬರೆದದ್ದು ಹೀಗೆ: "ಆಲೆಮನೆ ಒಳಗೆ, ರಾತ್ರಿ. ಇಪ್ಪತ್ತು ಆಳು ಊಟಕ್ಕೆ ಹೊರಡುತ್ತಾರೆ. ಕೊಪ್ಪರಿಗೆಯಿಂದ ಹಬೆ. ಮೂರು ಸೆಕೆಂಡ್ ಮೌನ. ಹಬೆ ಸರಿಯುತ್ತದೆ. ಎರಡು ಕಣ್ಣು."

ನಿರ್ದೇಶಕರು ಅದನ್ನು ಓದಿ ಲೆಕ್ಕ ತೋರಿಸಿದರು. ಸೆಕೆಂಡಿಗೆ 24 ಫ್ರೇಮ್ ಅಂತ ಹಿಡಿದರೆ 11 ನಿಮಿಷಕ್ಕೆ 15,840 ಫ್ರೇಮ್. ಒಂದೊಂದು ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸಿದರೂ ಅದರಲ್ಲಿ ಅರ್ಧ. ಇಪ್ಪತ್ತು ಆಳು ನಡೆದು ಹೋಗುವುದು ಅಂದರೆ ಇಪ್ಪತ್ತು ಪಾತ್ರಗಳ ಕೈಕಾಲು. ಹಬೆ, ನೀರು, ಬೆಂಕಿ ಇವು ಇನ್ನೂ ಕಷ್ಟ, ಒಂದು ಸಲ ಬಿಡಿಸಿದ ಆಕಾರ ಮತ್ತೆ ಬರುವುದೇ ಇಲ್ಲ. ಕೊನೆಗೆ ಆಳುಗಳು ಮೂರಾದರು. ಹಬೆ ಹೋಗಿ ಬರೀ ಕತ್ತಲೆ ಬಂತು. ಕತ್ತಲೆಯಲ್ಲಿ ಕಣ್ಣು ಹೊಳೆದದ್ದೂ ಚೆನ್ನಾಗಿಯೇ ಇತ್ತು. ಆದರೆ ಅದು ಯಾವ ಮನೆಯಾದರೂ ಆಗಬಹುದಿತ್ತು. ಹಬೆ ಇದ್ದರೆ ಮಾತ್ರ ಅದು ಆಲೆಮನೆ.

ಕಾಮಿಕ್ಸಿಗೆ ಬಂದಾಗ ಅದೇ ಹಬೆ ಒಂದೇ ಮಧ್ಯಾಹ್ನದಲ್ಲಿ ಬಂದುಬಿಟ್ಟಿತು. ಮೈಸೂರಿನ ಕಲಾ ಕಾಲೇಜು ಕಾವಾದಲ್ಲಿ ಚಿತ್ರಕಲೆ ಕಲಿತ ಗೆಳತಿಯೊಬ್ಬರು ಬಿಡಿಸಿದರು. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಕೂತು ಎಂಟು ಪುಟವನ್ನು ಚಿಕ್ಕ ಚಿಕ್ಕ ಚೌಕದಲ್ಲಿ ಮೊದಲೇ ಹಾಕಿಕೊಂಡೆವು. ಇಪ್ಪತ್ತು ಆಳು ಬೇಕಾ? ಇರಲಿ ಬಿಡಿ ಅಂದರು. ಒಂದೇ ಚಿತ್ರ ತಾನೇ.

ಕಾಮಿಕ್ಸಿನಲ್ಲಿ ನನಗೆ ಇದ್ದ ದೊಡ್ಡ ಆಯುಧ ಅಂದರೆ ಪುಟ ತಿರುಗಿಸುವ ಓದುಗರ ಕೈ. ಪುಸ್ತಕದಲ್ಲಿ 4 ಮತ್ತು 5ನೇ ಪುಟ ಎದುರುಬದುರು ಇರುತ್ತವೆ. 6ನೇ ಪುಟ ತಿರುಗಿಸಿದ ಮೇಲೇ ಕಾಣುವುದು. ಹಾಗಾಗಿ 5ನೇ ಪುಟದ ಕೊನೆಯ ಚೌಕದಲ್ಲಿ ಬಾಯಿ ಮುಚ್ಚಿಕೊಂಡ ಪುಟ್ಟಿ ಮಾತ್ರ. ಮಾತಿಲ್ಲ. ತಿರುಗಿಸಿದರೆ ಪುಟದ ತುಂಬಾ ಹಬೆ, ನಡುವೆ ಎರಡು ಕಣ್ಣು. ಟಿವಿಯಲ್ಲಿ ಆ ಮೂರು ಸೆಕೆಂಡನ್ನು ಅಳೆಯುವುದು ನಿರ್ದೇಶಕರು. ಇಲ್ಲಿ ಅಳೆಯುವುದು ಓದುವವರು. ಅಚ್ಚಾದ ಮೇಲೆ ಮಾವನಿಗೆ ಕೊಟ್ಟೆ. ಅವರು ತಿರುಗಿಸಿದರು, ನೋಡಿದರು, ಮತ್ತೆ ಹಿಂದಕ್ಕೆ ಹೋಗಿ ಪುಟ್ಟಿ ಮುಖ ನೋಡಿದರು, ಮತ್ತೆ ತಿರುಗಿಸಿದರು. ಹಾಗೆ ನಾಲ್ಕು ಸಲ. ಆಮೇಲೆ ಕೊಪ್ಪರಿಗೆಯ ಹಿಡಿ ತಪ್ಪಾಗಿದೆ ಅಂತ ತೋರಿಸಿದರು. ಮುಂದಿನ ಮುದ್ರಣಕ್ಕೆ ಅದನ್ನು ತಿದ್ದಿದೆವು.

ಸದ್ದಿನ ವಿಷಯವನ್ನು ಹೇಳಲೇಬೇಕು. ಕಾರ್ಟೂನಿಗೆ "ಪಾಕ ಕುದಿಯುವ ಸದ್ದು" ಅಂತ ಬರೆದರೆ ಸಾಕು, ಸೌಂಡ್‌ನವರು ನೋಡಿಕೊಳ್ಳುತ್ತಾರೆ. ಕಾಮಿಕ್ಸಿನಲ್ಲಿ ಸದ್ದನ್ನೂ ನಾನೇ ಬರೆಯಬೇಕು. ಕೊತಕೊತ, ಚಟಪಟ, ದಡಬಡ, ಗುಳುಗುಳು. ಕನ್ನಡದಲ್ಲಿ ಇಂಥ ಪದಗಳು ಎಷ್ಟಿವೆ ಅಂತ ಗೊತ್ತಾಗಿದ್ದು ಆಗಲೇ. ನೀರು ಕುದಿಯುವುದು ಬೇರೆ, ಕಬ್ಬಿನ ಹಾಲು ಗಟ್ಟಿಯಾಗುತ್ತಾ ಕುದಿಯುವುದು ಬೇರೆ. ಮೊದಲ ಪುಟದಲ್ಲಿ "ಕೊತಕೊತ" ಹಾಕಿದೆವು, ಪಾಕ ಹದಕ್ಕೆ ಬಂದಾಗ "ಲೊತ್... ಲೊತ್...". ಆ ಎರಡನೆಯ ಪದ ಹೊಳೆಯಲು ನನಗೆ ಎರಡು ದಿನ ಹಿಡಿಯಿತು. ಕೊನೆಗೆ ಮಾವನ ಆಲೆಮನೆಯಲ್ಲಿ ಕಿವಿಗೊಟ್ಟು ನಿಂತಾಗಲೇ ಸಿಕ್ಕಿದ್ದು.

ಮಾತಿನಲ್ಲಿ ಇನ್ನೂ ವ್ಯತ್ಯಾಸ ಇದೆ. ಮಾವನ ಪಾತ್ರ ಹೇಳುವುದು: "ಬುಡವ್ವ, ದೆವ್ವಾನೂ ಇಲ್ಲ ಗಿವ್ವಾನೂ ಇಲ್ಲ." ಕಾರ್ಟೂನಿನವರು ಎಲ್ಲಾ ಜಿಲ್ಲೆಯ ಮಕ್ಕಳಿಗೂ ತಿಳಿಯಬೇಕು ಅಂದರು. "ಬಿಡು ಮಗಳೇ, ದೆವ್ವ ಏನೂ ಇಲ್ಲ" ಅಂತಾಯಿತು. ಧ್ವನಿ ಕೊಟ್ಟವರು ಮಾತಿನ ಎಳೆತದಲ್ಲಿ ಸ್ವಲ್ಪ ಮಂಡ್ಯವನ್ನು ವಾಪಸ್ ತಂದರು, ಅದು ಅವರ ಒಳ್ಳೆಯತನ. ಕಾಮಿಕ್ಸಿನಲ್ಲಿ ಎಳೆತ ಇಲ್ಲ, ಕಾಗುಣಿತವೇ ಎಲ್ಲಾ. "ಬುಡವ್ವ" ಅಂತಲೇ ಉಳಿಸಿಕೊಂಡೆವು. ಇದರಲ್ಲಿ ಒಂದು ಲಾಭವೂ ಸಿಕ್ಕಿತು. ಮಾತಿನ ಗುಳ್ಳೆಯಲ್ಲಿ ಜಾಗ ಕಮ್ಮಿ. "ತೆಗೆದುಕೊಂಡು ಹೋಗುತ್ತಿದ್ದಾರೆ" ಅಂತ ಬರೆದರೆ ಗುಳ್ಳೆ ತುಂಬಿ ಚಿತ್ರವನ್ನು ಮುಚ್ಚುತ್ತದೆ. ಒತ್ತಕ್ಷರಗಳು ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆಯೂ ಜಾಗ ಬಿಡಬೇಕು. "ಎತ್ಕೊಂಡ್ ಹೋಯ್ತಾವ್ರೆ" ಅಂದರೆ ಅರ್ಧ ಜಾಗ ಸಾಕು. ಆಡುಮಾತು ಕಾಮಿಕ್ಸಿಗೆ ಹೇಳಿ ಮಾಡಿಸಿದ ಹಾಗಿದೆ.

ಇನ್ನು ದುಡ್ಡು. ಇಲ್ಲಿ ಟಿವಿ ಮುಂದೆ ಕಾಮಿಕ್ಸ್ ನಿಲ್ಲುವುದೇ ಇಲ್ಲ. ಒಂದು ಕಂತಿಗೆ ನನಗೆ ಸಿಕ್ಕಿದ್ದು ಎಂಟು ಪುಟಕ್ಕೆ ಸಿಕ್ಕಿದ್ದರ ಆರರಷ್ಟು. ಆದರೆ ಬೆಂಗಳೂರಿನ ಆ ಸಂಸ್ಥೆ ಸರಣಿಯನ್ನು ಅರ್ಧಕ್ಕೇ ನಿಲ್ಲಿಸಿತು. ಆಗಲೇ ಬರೆದುಕೊಟ್ಟಿದ್ದ ಎರಡು ಸ್ಕ್ರಿಪ್ಟಿನ ಬಾಕಿಗೆ ಏಳು ತಿಂಗಳು ಬೆಳಗಿನ ಚಾಮುಂಡಿ ಎಕ್ಸ್‌ಪ್ರೆಸ್ ಹತ್ತಿ ಓಡಾಡಿದೆ. ಪುಟ್ಟಿಯ ಪಾತ್ರ ಮಾತ್ರ ನನ್ನ ಬಳಿಯೇ ಉಳಿಯಿತು, ಯಾಕೆಂದರೆ ಒಪ್ಪಂದದಲ್ಲಿ ಆ ಒಂದು ಸಾಲನ್ನು ಜಗಳ ಮಾಡಿ ಸೇರಿಸಿದ್ದೆ.

ಒಪ್ಪಂದವನ್ನು ದಯವಿಟ್ಟು ಓದಿ ಸಹಿ ಹಾಕಿ. ಸಂಬಳಕ್ಕಿದ್ದು ಆ ಕೆಲಸದ ಭಾಗವಾಗಿ ಬರೆದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ ಕಾಪಿರೈಟ್ ಮೊದಲು ಹೋಗುವುದು ಮಾಲೀಕರಿಗೆ. ಹೊರಗಿನಿಂದ ಬರೆದು ಹಕ್ಕು ಕೊಡುವಾಗ ಅವಧಿ ಬರೆಯದೇ ಇದ್ದರೆ ಕಾನೂನು ಅದನ್ನು 5 ವರ್ಷ ಅಂತ ಹಿಡಿಯುತ್ತದೆ, ಊರು ದೇಶ ಬರೆಯದೇ ಇದ್ದರೆ ಭಾರತಕ್ಕೆ ಮಾತ್ರ. ಅದಕ್ಕೇ ಕಂಪನಿಗಳು "ಶಾಶ್ವತವಾಗಿ, ಜಗತ್ತಿನಾದ್ಯಂತ" ಅಂತ ಮೊದಲೇ ಟೈಪ್ ಮಾಡಿಸಿರುತ್ತವೆ. ಆ ಎರಡು ಪದಗಳ ಮೇಲೆ ಬೆರಳಿಟ್ಟು ಮಾತಾಡಿ. ಕಾಪಿರೈಟ್ ಕಾಯ್ದೆಗೆ 2012ರ ತಿದ್ದುಪಡಿ ಬಂದ ಮೇಲೆ ಬರಹಗಾರರಿಗೆ ರಾಯಲ್ಟಿಯ ವಿಷಯದಲ್ಲೂ ಬಲ ಬಂದಿದೆ. ಅದನ್ನು ತಿಳಿದ ವಕೀಲರನ್ನು ಒಂದು ಸಲ ಕಾಣಿ, ಅದಕ್ಕೆ ಕೊಟ್ಟ ಫೀಸು ವ್ಯರ್ಥವಲ್ಲ.

ಎರಡರಲ್ಲಿ ಒಂದನ್ನು ಹಿಡಿದರೆ ಇನ್ನೊಂದು ತಪ್ಪಿತು ಅಂತ ಹೆದರಬೇಡಿ. ಅಮೆರಿಕದ ಬರಹಗಾರ ಡ್ವೇನ್ ಮೆಕ್‌ಡಫಿ ಕಾಮಿಕ್ಸಿನಿಂದ ಬಂದವರು. 1993ರಲ್ಲಿ ಗೆಳೆಯರ ಜೊತೆ ಸೇರಿ ಮೈಲ್‌ಸ್ಟೋನ್ ಸಂಸ್ಥೆ ಕಟ್ಟಿದರು. ಅಲ್ಲಿ ಹುಟ್ಟಿದ ಸ್ಟ್ಯಾಟಿಕ್ ಅನ್ನುವ ಹುಡುಗನ ಪಾತ್ರ 2000ದಲ್ಲಿ ಟಿವಿ ಕಾರ್ಟೂನ್ ಆಯಿತು. ಆಮೇಲೆ ಅವರು ಟಿವಿಗೇ ಜಾಸ್ತಿ ಬರೆದರು. ಅಲ್ಲಿನ ಟಿವಿ ಬರಹಗಾರ ಪಾಲ್ ಡೀನಿಯದು ಉಲ್ಟಾ. 1992ರಲ್ಲಿ ಬ್ಯಾಟ್‌ಮ್ಯಾನ್ ಕಾರ್ಟೂನಿನ ಒಂದು ಕಂತಿಗೆ ಅಂತ ಅವರೂ ಕಲಾವಿದ ಬ್ರೂಸ್ ಟಿಮ್ಮೂ ಮಾಡಿದ ಹಾರ್ಲಿ ಕ್ವಿನ್ ಪಾತ್ರ ಮರುವರ್ಷವೇ ಕಾಮಿಕ್ಸಿಗೆ ಹೋಯಿತು. ಈ ಇಬ್ಬರ ದಾರಿ ನೋಡಿದ ಮೇಲೇ ನಾನು ಪುಟ್ಟಿಯನ್ನು ಟಿವಿಯಿಂದ ಪುಸ್ತಕಕ್ಕೆ ತಂದದ್ದು.

ಆದರೂ ಮೊದಲು ಯಾವುದು ಅಂತ ಕೇಳಿದರೆ, ಕಾಮಿಕ್ಸ್ ಅನ್ನುತ್ತೇನೆ. ಎಂಟು ಪುಟ ಬರೆಯಿರಿ, ಒಬ್ಬ ಕಲಾವಿದರನ್ನು ಹುಡುಕಿ, ಪುಟಕ್ಕೆ ಐದಾರು ಚೌಕ ಸಾಕು. ಎರಡು ಮೂರು ತಿಂಗಳಲ್ಲಿ ಕೈಯಲ್ಲಿ ಒಂದು ಪುಸ್ತಕ ಇರುತ್ತದೆ. ಕಾರ್ಟೂನಿನವರನ್ನು ನೋಡಲು ಹೋದಾಗ ನಾನು ಈಗ ಸ್ಕ್ರಿಪ್ಟ್ ತೋರಿಸುವುದಿಲ್ಲ, ಆ ಎಂಟು ಪುಟವನ್ನೇ ಮೇಜಿನ ಮೇಲೆ ಇಡುತ್ತೇನೆ. ಹೋದ ತಿಂಗಳು ಒಬ್ಬ ನಿರ್ದೇಶಕಿ 5ನೇ ಪುಟ ತಿರುಗಿಸಿ, "ಈ ಹಬೆಯನ್ನು ಹೇಗಾದರೂ ಮಾಡಿ ತರಬೇಕು ಕಣ್ರೀ" ಅಂದರು. ಈಗ ಅವರಿಗಾಗಿ ಒಂದು ಪುಟದ ಎಳೆ ಬರೆಯುತ್ತಿದ್ದೇನೆ. ಈ ಸಲ ಆಳುಗಳು ಐದು ಜನ. ಹಬೆ ಮಾತ್ರ ಇರಲೇಬೇಕು ಅಂತ ಮೊದಲ ಸಾಲಿನಲ್ಲೇ ಬರೆದಿದ್ದೇನೆ.