‘ತೊಟ್ಟಿಮನೆಯ ಕಂಬದ ಬೀಟೆ’: ಗಿಟಾರ್ ಮಾಡುವವರು ಮುಂಗಡ ಕೊಡುವ ಮೊದಲು ಓದಿ

ಕಪ್ಪುನೇರಳೆ ಹಲಗೆಗಳ ಫೋಟೊ, ಅದರ ಕೆಳಗೆ ‘ಹಳೆಯ ತೊಟ್ಟಿಮನೆ ಬಿಚ್ಚಿದಾಗ ಸಿಕ್ಕ ಬೀಟೆ ಕಂಬ, ತೊಲೆಗಳು; ಗಿಟಾರ್‌ಗೆ ಹೇಳಿ ಮಾಡಿಸಿದ ಮರ’ ಎಂಬ ಒಕ್ಕಣೆ. ಇದು ನಿಮ್ಮ ಮೊಬೈಲಿಗೂ ಬಂದಿದ್ದರೆ ಹಣ ಕಳುಹಿಸಬೇಡಿ. ಮೈಸೂರಿನ ಹೊರವಲಯದಲ್ಲಿರುವ ಆ ಮರದ ವ್ಯಾಪಾರಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ಪ್ರಯೋಜನವಿಲ್ಲ, ಅವರ ನಂಬರು ಆಗಾಗ ಬದಲಾಗುತ್ತದೆ. ಕತೆ ಮಾತ್ರ ಬದಲಾಗುವುದಿಲ್ಲ. ಗುರುತಿಟ್ಟುಕೊಳ್ಳಬೇಕಾದದ್ದು ಆ ಕತೆಯನ್ನೇ.

ನಾನು ಮಾಡುವುದು ಹಳೆಯ ಮಾದರಿಯ ಚಿಕ್ಕ ಗಿಟಾರ್‌ಗಳನ್ನು. ಅಂಗಡಿಗಳಲ್ಲಿ ತೂಗುಹಾಕಿರುವ ದೊಡ್ಡ ಡ್ರೆಡ್‌ನಾಟ್ ಗಿಟಾರ್‌ನ ಕೆಳಹೊಟ್ಟೆಯ ಅಗಲ ಸುಮಾರು 40 ಸೆಂಟಿಮೀಟರ್. ನಾನು ಅನುಸರಿಸುವ ಅಳತೆಯಲ್ಲಿ ಅದು 34ರ ಆಸುಪಾಸು. ಕುತ್ತಿಗೆ ಪೆಟ್ಟಿಗೆಗೆ ಸೇರುವುದು ಹನ್ನೆರಡನೆಯ ಫ್ರೆಟ್‌ನಲ್ಲಿ (ಕುತ್ತಿಗೆಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಯೇ ಫ್ರೆಟ್). ಹಿಂಬದಿಯ ಹಲಗೆಯ ದಪ್ಪ ಎರಡೂವರೆ ಮಿಲಿಮೀಟರ್, ಪಕ್ಕೆಗಳದ್ದು ಎರಡು ಮಿಲಿಮೀಟರ್. ಇಷ್ಟು ತೆಳುವಾದ ಕೆಲಸದಲ್ಲಿ ಮರದ ಒಂದು ದೋಷವೂ ಅಡಗಿ ಕೂರುವುದಿಲ್ಲ. ಮಂಚ, ಬಾಗಿಲು ಮಾಡುವವರು ಸಹಿಸಿಕೊಳ್ಳುವ ಬಾಗು ಇಲ್ಲಿ ನೇರವಾಗಿ ಬಿರುಕಾಗುತ್ತದೆ.

ಹಿಂಬದಿ ಮತ್ತು ಪಕ್ಕೆಗಳಿಗೆ ಬೀಟೆ, ಅಂದರೆ ನಮ್ಮ ರೋಸ್‌ವುಡ್, ಬೇಕಿತ್ತು. ವ್ಯಾಪಾರಿ ಮೊದಲು ಒಂದು ಹಲಗೆಯನ್ನು ಮಾದರಿಯೆಂದು ಕಳುಹಿಸಿಕೊಟ್ಟರು. ನಿಜಕ್ಕೂ ಒಳ್ಳೆಯ ಮರ: ನೇರ ಎಳೆ, ತೋಪಡ ಹಾಕಿದೊಡನೆ ಬೀಟೆಯ ಆ ಸಿಹಿವಾಸನೆ, ಬೆರಳಿನ ಗಿಣ್ಣಿನಿಂದ ತಟ್ಟಿದರೆ ಗಂಟೆಯ ನಾದ. ಅದನ್ನು ನೋಡಿ ಅರ್ಧ ಹಣವನ್ನು ಮೊಬೈಲಿನಲ್ಲೇ ಕಳುಹಿಸಿದೆ. ಉಳಿದದ್ದನ್ನು ಮಾಲು ಇಳಿಸಿದಾಗ ಗಾಡಿಯವನ ಕೈಗೆ ನಗದಾಗಿ ಕೊಡಬೇಕು, ಬಿಲ್ಲು ಗಾಡಿಯೊಂದಿಗೇ ಬರುತ್ತದೆ ಎಂದರು. ಗಾಡಿ ಬಂದದ್ದು ರಾತ್ರಿ ಊಟದ ಹೊತ್ತು ಮೀರಿದ ಮೇಲೆ. ಬಿಲ್ಲು ‘ನಾಳೆ’ ಬರುವುದಿತ್ತು.

ತೇವಾಂಶ ಅಳೆಯುವ ಮುಳ್ಳಿನ ಮೀಟರ್ ನನ್ನಲ್ಲಿದೆ. ಹಲಗೆಗಳ ಮೇಲ್ಮೈಯಲ್ಲಿ 9, 10 ಶೇಕಡಾ ತೋರಿಸಿತು. ನಮ್ಮ ಹವೆಯಲ್ಲಿ ಇಟ್ಟ ಮರಕ್ಕೆ ಅದು ಒಳ್ಳೆಯ ಅಂಕಿಯೇ. ಆದರೆ ಮುಳ್ಳು ಇಳಿಯುವುದು ಕೆಲವೇ ಮಿಲಿಮೀಟರ್. ದಪ್ಪ ಹಲಗೆಯನ್ನು ಸಾಮಿಲ್‌ನಲ್ಲಿ ಸೀಳಿಸಿ ಆ ಹೊಸ ಮುಖಕ್ಕೆ ಮುಳ್ಳು ಚುಚ್ಚಿದಾಗ ಅಂಕಿ 20ನ್ನು ದಾಟಿತು. ಅಂದರೆ ಇತ್ತೀಚೆಗೆ ಕೊಯ್ದ ಹಸಿಮರವನ್ನು ಬಿಸಿಲಿಗೆ ಹಾಕಿ ಮೇಲಿನ ಪದರವನ್ನಷ್ಟೇ ಒಣಗಿಸಿದ್ದರು. ತಲೆಮಾರುಗಳ ಕಾಲ ಸೂರು ಹೊತ್ತ ಕಂಬದ ಹೊಟ್ಟೆಯಲ್ಲಿ ಅಷ್ಟು ನೀರು ಎಲ್ಲಿಂದ ಬರಬೇಕು? ಸೀಳಿದ ಹಾಳೆಗಳು ಬೆಳಗಾಗುವಷ್ಟರಲ್ಲಿ ದೊನ್ನೆಯಂತೆ ಬಾಗಿದ್ದವು.

ಅದಕ್ಕಿಂತ ಸಿಟ್ಟು ಬರಿಸಿದ್ದು ಬಣ್ಣ. ಕೆಲವು ಹಲಗೆಗಳಿಗೆ ತೋಪಡ ಹಾಕಿದಂತೆ ಕಪ್ಪುನೇರಳೆ ಕಳಚಿ, ಒಳಗಿನಿಂದ ಹಳದಿಗಂದು ಮರ ಇಣುಕಿತು. ಅನುಮಾನ ಬಂದು ಅದರ ಸಿಪ್ಪೆಯನ್ನು ಗಾಜಿನ ಲೋಟದ ನೀರಿನಲ್ಲಿ ಹಾಕಿ ಬಿಸಿಲಿಗೆ ಹಿಡಿದೆ. ನೀರು ಕಂದಾಗಿ, ಅಂಚಿನಲ್ಲಿ ನೀಲಿ ಹೊಳಪು ಮೂಡಿತು. ಸಕ್ಕರೆ ಕಾಯಿಲೆಯವರು ನೀರು ಕುಡಿಯಲೆಂದು ಕೊಳ್ಳುವ ಹೊನ್ನೆ ಮರದ ಲೋಟ ಗೊತ್ತಲ್ಲ, ಅದೇ ಮರ. ಹೊನ್ನೆಯನ್ನು ನಾನು ಹಳಿಯುತ್ತಿಲ್ಲ, ಅದರಲ್ಲೂ ಒಳ್ಳೆಯ ಗಿಟಾರ್ ಆಗುತ್ತದೆ. ಹೊನ್ನೆ ಎಂದು ಹೇಳಿ, ಹೊನ್ನೆಯ ಬೆಲೆಗೆ ಕೊಟ್ಟಿದ್ದರೆ ಸಂತೋಷದಿಂದ ಕೊಳ್ಳುತ್ತಿದ್ದೆ.

ಬೀಟೆಯೇ ಆಗಿದ್ದ ಹಲಗೆಗಳ ಪಾಡೂ ಚೆನ್ನಾಗಿರಲಿಲ್ಲ. ಗಿಟಾರ್‌ಗೆ ಮರವನ್ನು ತಿರುಳಿನಿಂದ ತೊಗಟೆಯ ಕಡೆಗೆ ಕೊಯ್ದಿರಬೇಕು, ವರ್ಷದ ಉಂಗುರಗಳು ಹಲಗೆಯ ಮುಖಕ್ಕೆ ಲಂಬವಾಗಿ ನಿಲ್ಲಬೇಕು. ಉಂಗುರದ ಗುಂಟ ಮರ ಕುಗ್ಗುವುದು ಉಂಗುರಕ್ಕೆ ಅಡ್ಡಲಾಗಿ ಕುಗ್ಗುವುದಕ್ಕಿಂತ ಸುಮಾರು ಎರಡು ಪಟ್ಟು ಹೆಚ್ಚು. ಉದ್ದಕ್ಕೆ ಅದು ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಬಂದದ್ದೆಲ್ಲ ದಿಮ್ಮಿಯನ್ನು ಮಲಗಿಸಿ ಪಟಪಟನೆ ಸೀಳಿದ ಹಲಗೆ. ಚಿಕ್ಕ ಗಿಟಾರ್‌ನ ಸೊಂಟ ಬಿಗಿಯಾಗಿ ತಿರುಗುತ್ತದೆ, ಕಾದ ಕಬ್ಬಿಣದ ಕೊಳವೆಗೆ ಒತ್ತಿ ಪಕ್ಕೆಯನ್ನು ಬಗ್ಗಿಸಬೇಕು. ಎಳೆ ಓರೆಯಾಗಿ ಹೊರಗೆ ಹಾಯ್ದಿದ್ದ ಪಕ್ಕೆಗಳು ಸರಿಯಾಗಿ ಆ ಸೊಂಟದಲ್ಲೇ ಸೀಳಿದವು. ಇದನ್ನು ಗಮನಿಸದೆ ಯಾರಾದರೂ ಮಳೆಗಾಲದಲ್ಲಿ ಪೆಟ್ಟಿಗೆ ಜೋಡಿಸಿಬಿಟ್ಟರು ಎಂದುಕೊಳ್ಳಿ. ಹಿಂಬದಿಯ ಒಳಗೆ ಎಳೆಗೆ ಅಡ್ಡಲಾಗಿ ಅಂಟಿಸಿದ ಪಟ್ಟಿಗಳು ಹಲಗೆಯನ್ನು ಕುಗ್ಗಗೊಡುವುದಿಲ್ಲ, ಶಿವರಾತ್ರಿಯ ಒಣಹವೆ ಬಂದಾಗ ಹಲಗೆ ಕುಗ್ಗದೆ ಬಿಡುವುದಿಲ್ಲ. ಬಿರುಕು ಬಿಡುವ ಹೊತ್ತಿಗೆ ಗಿಟಾರ್ ಕೊಂಡವರ ಮನೆಯಲ್ಲಿರುತ್ತದೆ, ಕೆಟ್ಟ ಹೆಸರು ಗಿಟಾರ್ ಮಾಡಿದವರ ತಲೆಗೆ.

ಫೋನು ಮಾಡಿದೆ. “ಮರ ಅಂದಮೇಲೆ ಸ್ವಲ್ಪ ಬಾಗುತ್ತದೆ ಸಾರ್, ನಿಮಗೆ ಗೊತ್ತಿರುವುದೇ ಅಲ್ಲವೇ?” ಎಂದರು. ಹೊನ್ನೆಯ ಮಾತೆತ್ತಿದಾಗ ಹಳೆಯ ಬೀಟೆಯ ಬಣ್ಣ ಹಾಗೆಯೇ ಎಂದರು. ಬಿಲ್ಲು ಕೇಳಿದಾಗ ಧ್ವನಿ ಗಟ್ಟಿಯಾಯಿತು: “ಬಿಚ್ಚಿದ ಮನೆಯ ಮರಕ್ಕೆ ಯಾವ ಬಿಲ್ಲು ಸಾರ್? ದೂರು ಕೊಡುವುದಾದರೆ ಕೊಡಿ. ರಹದಾರಿ ಇಲ್ಲದ ಬೀಟೆ ಈಗ ಯಾರ ಮನೆಯಲ್ಲಿದೆ, ನೋಡಿಕೊಳ್ಳಿ.”

ತೊಟ್ಟಿಮನೆಯ ಕತೆ ಯಾಕೆ ಬೇಕಿತ್ತು ಎಂಬುದು ಆಗ ತಿಳಿಯಿತು. ಬೀಟೆಯ ದಿಮ್ಮಿ, ಹಲಗೆಗಳನ್ನು ಸಾಗಿಸಲು ಅರಣ್ಯ ಇಲಾಖೆಯ ರಹದಾರಿ ಬೇಕು. ಹರಾಜಿನಲ್ಲಿ ಬಂದ ಮರವಾದರೆ ಅದರ ಹಿಂದೆ ಕಾಗದದ ಸಾಲೇ ಇರುತ್ತದೆ. ಆ ಕಾಗದ ಇಲ್ಲದಿರುವುದಕ್ಕೆ ‘ಹಳೆಯ ಮನೆ’ ಒಂದು ಸಮಜಾಯಿಷಿ. ಮರ ಹದವಾಗಿದೆ ಎಂಬುದಕ್ಕೂ ಅದೇ ಪುರಾವೆ. ಬೆಲೆ ಏರಿಸುವುದಕ್ಕೂ ಅದೇ ಕಾರಣ. ಕೊನೆಗೆ ಮೋಸ ಹೋದವನ ಬಾಯಿ ಮುಚ್ಚಿಸುವುದಕ್ಕೂ ಅದೇ. ಒಂದೇ ಸುಳ್ಳಿಗೆ ಇಷ್ಟೊಂದು ಕೆಲಸ ಮಾಡಿಸುವ ಜಾಣತನವನ್ನು ಮರ ಒಣಗಿಸುವುದರಲ್ಲಿ ತೋರಿಸಬಾರದಿತ್ತೇ!

ಈ ಕತೆ ಮಾರಾಟವಾಗುವುದಕ್ಕೆ ನಮ್ಮ ಗೀಳೂ ಕಾರಣ. ಹಳೆಯ ಶೈಲಿಯ ಗಿಟಾರ್ ಎಂದರೆ ಹಳೆಯ ಮರವೇ ಆಗಬೇಕೆಂದು ಹಲವರು ನಂಬಿದ್ದಾರೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಷಿಕಾಗೊದ ಕಾರ್ಖಾನೆಗಳು ಕ್ಯಾಟಲಾಗ್ ಮೂಲಕ ಮಾರುತ್ತಿದ್ದ ಅಗ್ಗದ ಚಿಕ್ಕ ಗಿಟಾರ್‌ಗಳಲ್ಲಿ ಎಷ್ಟೋ ಬರ್ಚ್ ಮರದವು. ದುಬಾರಿ ಮರದಂತೆ ಕಾಣಲೆಂದು ಅವುಗಳ ಮೇಲೆ ಎಳೆಗಳನ್ನು ಬಣ್ಣದಲ್ಲಿ ಬರೆಯುತ್ತಿದ್ದರು. ಅವುಗಳ ದನಿಗೆ ಇಂದಿಗೂ ಜನ ಮರುಳಾಗುತ್ತಾರೆ. ದನಿಯ ಹೆಚ್ಚಿನ ಪಾಲು ಮುಂಭಾಗದ ಹಲಗೆಯದು, ಅದರ ಒಳಗಿನ ಪಟ್ಟಿಗಳನ್ನು ಏಣಿಯಂತೆ ಅಡ್ಡಡ್ಡ ಇಟ್ಟಿದ್ದಾರೋ ಗುಣಾಕಾರದ ಚಿಹ್ನೆಯಂತೆ ಇಟ್ಟಿದ್ದಾರೋ ಎಂಬುದರದು. ಇನ್ನು ಬೀಟೆಗೆ ಗಿಟಾರ್ ಲೋಕದಲ್ಲಿ ಬೇಡಿಕೆ ಬಂದ ಕತೆಯೂ ಅಷ್ಟೇನೂ ಪುರಾತನವಲ್ಲ. ಅಮೆರಿಕದ ಮಾರ್ಟಿನ್ ಕಂಪನಿ ಬ್ರೆಜಿಲ್‌ನ ರೋಸ್‌ವುಡ್ ಬಿಟ್ಟು ನಮ್ಮ ಬೀಟೆಗೆ ಬದಲಾದದ್ದು 1969ರಲ್ಲಿ. ನಮ್ಮಲ್ಲೇ ವೀಣೆ ಮಾಡುವವರು ಹಲಸಿನ ಮರ ಹಿಡಿದು ಕೂತಿದ್ದಾರೆ, ಅವರಿಗೆ ಬೇಕಾದದ್ದು ಹದ, ವಂಶಾವಳಿ ಅಲ್ಲ.

ಬೀಟೆಯೇ ಬೇಕು ಎನ್ನುವವರು ಕೊಳ್ಳುವ ಪ್ರತಿ ಹಲಗೆಯ ತುದಿಯಿಂದ ಒಂದು ತುಂಡನ್ನು ತಮ್ಮೆದುರೇ ಕೊಯ್ಯಿಸಿ, ಒಳಮುಖಕ್ಕೆ ಮೀಟರ್ ಚುಚ್ಚಲಿ. ಒಪ್ಪದಿದ್ದರೆ ಅಲ್ಲಿಂದ ಎದ್ದು ಬನ್ನಿ. ನಿಜವಾದ ಹಳೆಯ ಕಂಬದಲ್ಲಿ ಮೊಳೆಯ ಗುರುತು, ಕೂಡಿಕೆಯ ಕಚ್ಚು, ಹೊಗೆ ಹಿಡಿದ ಮೈ ಏನಾದರೊಂದು ಇರುತ್ತದೆ; ಅದನ್ನು ಸೀಳುವ ಮೊದಲೇ ನೋಡಬೇಕು. ಒಂದು ಹಲಗೆಯ ಮಾದರಿಯಿಂದ ಉಳಿದವನ್ನು ಅಳೆಯಬೇಡಿ. ಬಿಲ್ಲಿನಲ್ಲಿ ಮರದ ಹೆಸರು ಬರೆದಿರಲಿ, ರಹದಾರಿಯ ಪ್ರತಿ ಜೊತೆಗಿರಲಿ. ಗಿಟಾರ್ ಮಾಡಿಸುವ ಗಿರಾಕಿಗಳೂ ಆ ಕಾಗದದ ಪ್ರತಿಯನ್ನು ಕೇಳಬಹುದು, ಪ್ರಾಮಾಣಿಕ ಕೆಲಸಗಾರ ಬೇಸರಿಸಿಕೊಳ್ಳುವುದಿಲ್ಲ.

ಈಗಾಗಲೇ ಮುಂಗಡ ಕೊಟ್ಟಿದ್ದರೆ, ಬಿಲ್ಲು ಕೈಗೆ ಬರುವ ತನಕ ಮಾಲು ಇಳಿಸಿಕೊಳ್ಳಬೇಡಿ, ಬಾಕಿಯನ್ನು ನಗದಾಗಿ ಕೊಡಬೇಡಿ. ಫೋಟೊ, ಸಂದೇಶಗಳನ್ನು ಅಳಿಸಬೇಡಿ. ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಲು ಎರಡು ವರ್ಷದ ಅವಧಿಯಿದೆ, 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಅವರ ಬೆದರಿಕೆಗೆ ಜಗ್ಗದೆ ನಾನು ವಕೀಲರಿಂದ ನೋಟಿಸ್ ಕಳುಹಿಸಿದೆ. ಮೊಬೈಲಿನಲ್ಲಿ ಕೊಟ್ಟ ಮುಂಗಡ ಕಂತುಕಂತಾಗಿ ವಾಪಸ್ಸು ಬಂತು. ಗಾಡಿಯವನ ಕೈಗೆ ಕೊಟ್ಟ ನಗದು ತಮಗೆ ತಲುಪಿಯೇ ಇಲ್ಲ ಎಂಬುದು ವ್ಯಾಪಾರಿಯ ಉತ್ತರ.