ಬ್ರಹ್ಮ ಕೋಳಿ ಮರಿಗೆ ಮುಂಗಡ ಕಳುಹಿಸುವ ಮುನ್ನ

ಮೊಬೈಲಿನಲ್ಲಿ ಚಿತ್ರ ನೋಡಿ ಬ್ರಹ್ಮ ಕೋಳಿಯ ಮರಿಗಳನ್ನು ತರಿಸಿಕೊಳ್ಳಲು ಹೊರಟಿರುವವರು ದಯವಿಟ್ಟು ಸ್ವಲ್ಪ ತಡೆಯಿರಿ. ಕಳೆದುಕೊಂಡದ್ದು ಬರೀ ಮುಂಗಡ ಹಣವಾಗಿದ್ದರೆ ನಾನು ಇಷ್ಟುದ್ದ ಬರೆಯುತ್ತಿರಲಿಲ್ಲ. ಆ ಮರಿಗಳ ಹಿಂದೆಯೇ ನಮ್ಮ ಹಿತ್ತಲಿನ ನಾಟಿ ಕೋಳಿಗಳು ಸತ್ತವು, ಪಕ್ಕದ ಮನೆಯವರ ಕೋಳಿಗಳೂ ಸತ್ತವು.

ಕೋಳಿಯ ಮೇಲೆ ನನಗೆ ಸಿಟ್ಟಿಲ್ಲ. ಎತ್ತರದ ನಿಲುವು, ಕಾಲ್ಬೆರಳಿನವರೆಗೂ ಗರಿ, ಮಕ್ಕಳು ಎತ್ತಿಕೊಂಡರೂ ಕುಕ್ಕದ ಸಾಧು ಗುಣ. ಚೆನ್ನಾಗಿ ಬೆಳೆದ ಹುಂಜ ಐದು ಕಿಲೋ ದಾಟುತ್ತದೆ. ಸಕಲೇಶಪುರದ ಕಡೆಯ ನಮ್ಮ ಮನೆಗೆ ಇಂಥದ್ದೊಂದು ಜೊತೆ ಬಂದರೆ ಚೆನ್ನ ಎಂದು ಮಕ್ಕಳಿಗೂ ಆಸೆ, ನನಗೂ ಆಸೆ. ಸಿಟ್ಟಿರುವುದು ಈ ಮರಿಗಳನ್ನು ಮಾರುವ ರೀತಿಯ ಮೇಲೆ.

ಮಾರಿದವನು ನೆರೆ ರಾಜ್ಯದವನು. ಕನ್ನಡ ಸರಾಗವಾಗಿ ಮಾತನಾಡುತ್ತಿದ್ದ. "ಹೆಸರೇ ಬ್ರಹ್ಮ ಮೇಡಂ, ನಮ್ಮ ದೇಶದ್ದೇ ತಳಿ. ಬಿಸಿಲು, ಮಳೆ ಯಾವುದೂ ತಾಗುವುದಿಲ್ಲ" ಎಂದ. ಮರಿಗಳಿಗೆ ತಿಂಗಳು ತುಂಬಿದೆ, ಕಾವು ಬೇಕಿಲ್ಲ, ಲಸಿಕೆ ಎಲ್ಲವೂ ಆಗಿದೆ, ಒಂದು ಗಂಡಿಗೆ ಒಂದು ಹೆಣ್ಣಿನಂತೆ ಜೋಡಿ ಮಾಡಿ ಕಳುಹಿಸುತ್ತೇನೆ ಎಂದ. ಈ ಮಾತುಗಳಲ್ಲಿ ಒಂದೂ ನಿಜವಾಗಿರಲಿಲ್ಲ. ವಿಡಿಯೊ ಕರೆಯಲ್ಲಿ ಮರಿಗಳನ್ನು ತೋರಿಸಿ ಎಂದಾಗಲೆಲ್ಲ ಅವನಿಗೆ ನೆಟ್‌ವರ್ಕ್ ಸಿಗುತ್ತಿರಲಿಲ್ಲ. ಹಣ ಬಂತೇ ಎಂದು ನೋಡುವುದಕ್ಕೆ ಮಾತ್ರ ಸಿಗುತ್ತಿತ್ತು.

ತಳಿಯ ಮಾತನ್ನು ಮೊದಲು ಮುಗಿಸುತ್ತೇನೆ. ಹೆಸರಿನಲ್ಲಿ ಬ್ರಹ್ಮ ಇದ್ದರೂ ಇದು ಅಮೆರಿಕದಲ್ಲಿ ರೂಪುಗೊಂಡ ಕೋಳಿ. 19ನೇ ಶತಮಾನದ ನಡುವಿನಲ್ಲಿ ಚೀನಾದ ಶಾಂಘೈ ಬಂದರಿನಿಂದ ಹಡಗಿನಲ್ಲಿ ಹೋದ ದೊಡ್ಡ ಕೋಳಿಗಳಿಂದ ಅಲ್ಲಿನವರು ಬೆಳೆಸಿದರು. 1874ರಲ್ಲಿ ಅಲ್ಲಿನ ತಳಿ ಮಾನದಂಡದ ಪುಸ್ತಕಕ್ಕೆ ಸೇರಿತು. ಒತ್ತಾದ ಗರಿ ಚಳಿಗೆ ಹೇಳಿ ಮಾಡಿಸಿದ್ದು. ಮಲೆನಾಡಿನಲ್ಲಾದರೆ ಹೇಗೋ ಆಗುತ್ತದೆ, ರಾಯಚೂರು ಕಲಬುರಗಿಯ ಬೇಸಿಗೆಯಲ್ಲಿ ದಟ್ಟ ನೆರಳು, ತಂಪು ನೀರು ಇಲ್ಲದೆ ಸಾಕುವುದು ಅದಕ್ಕೆ ಹಿಂಸೆ.

ಮರಿಗಳು ಬಂದದ್ದು ರಾತ್ರಿ ಬಸ್ಸಿನಲ್ಲಿ, ತೂತು ಹೊಡೆದ ರಟ್ಟಿನ ಪೆಟ್ಟಿಗೆಯಲ್ಲಿ, ಜೂನ್ ತಿಂಗಳ ಮಳೆಯಲ್ಲಿ. ಪೆಟ್ಟಿಗೆ ತೆರೆದಾಗ ಬೆನ್ನ ಮೇಲೆ ಇನ್ನೂ ಹಳದಿ ನವಿರು ಇತ್ತು, ರೆಕ್ಕೆಯ ತುದಿಯಲ್ಲಿ ಮಾತ್ರ ಗರಿ ಮೂಡಿತ್ತು. ಬ್ರಹ್ಮಕ್ಕೆ ಗರಿ ಬರುವುದು ತಡ, ನಿಜ. ಆದರೂ ತಿಂಗಳು ತುಂಬಿದ ಮರಿ ಹಾಗಿರುವುದಿಲ್ಲ. ಅವು ಹೆಚ್ಚೆಂದರೆ ಎರಡು ವಾರದವು. ಮೊದಲ ವಾರದ ಮರಿಗೆ ಸುಮಾರು 35 ಡಿಗ್ರಿ ಸೆಲ್ಸಿಯಸ್ ಕಾವು ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ ಬರಬೇಕು. ಕಾವು ಬೇಡ ಎಂಬ ಮಾತು ನಂಬಿ ಬುಟ್ಟಿಯಲ್ಲಿ ಬಿಟ್ಟರೆ ಚಳಿಗೆ ಒಂದರ ಮೇಲೊಂದು ಬಿದ್ದು ಅಡಿಯವು ಉಸಿರುಕಟ್ಟಿ ಸಾಯುತ್ತವೆ. ಬಚ್ಚಲುಮನೆಯ ಪಕ್ಕದ ಕೋಣೆಯಲ್ಲಿ ಭತ್ತದ ಹೊಟ್ಟು ಹಾಸಿ ಬಲ್ಬು ಕಟ್ಟಿದೆವು. ಕರೆಂಟ್ ಹೋದಾಗಲೆಲ್ಲ ಬಿಸಿನೀರು ತುಂಬಿದ ಬಾಟಲಿಗಳಿಗೆ ಬಟ್ಟೆ ಸುತ್ತಿ ನಡುವೆ ಇಡುತ್ತಿದ್ದೆವು.

ಕಾಯಿಲೆ ಕಾಣಿಸಿಕೊಂಡದ್ದು ಆ ವಾರವೇ. ಮೊದಲು ತೂಕಡಿಕೆ. ಆಮೇಲೆ ಹಸಿರು ಬಣ್ಣದ ನೀರು ನೀರಾದ ಹಿಕ್ಕೆ. ಕೊಕ್ಕು ತೆರೆದು, ಕತ್ತು ಚಾಚಿ ಉಸಿರೆಳೆಯುವುದು. ಒಂದು ಮರಿಯ ಕತ್ತು ತಿರುಚಿಕೊಂಡು ತಲೆ ಬೆನ್ನಿನ ಮೇಲೆ ಬಂದಿತ್ತು. ನಿಂತಲ್ಲೇ ಗಿರಕಿ ಹೊಡೆಯುತ್ತಿತ್ತು. ಫೋನ್ ಮಾಡಿದರೆ ಮಾರಿದವನು "ನೀರು ಬದಲಾಗಿದೆ ಮೇಡಂ, ಬೆಳ್ಳುಳ್ಳಿ ಅರಿಶಿನ ಅರೆದು ಕುಡಿಸಿ" ಎಂದ. ಲಸಿಕೆಯ ವಿವರ ಕೇಳಿದ್ದಕ್ಕೆ ಖಾಲಿ ಬಾಟಲಿಯೊಂದರ ಚಿತ್ರ ಕಳುಹಿಸಿದ. ಅದರ ಮೇಲಿನ ಅವಧಿ ಹಿಂದಿನ ವರ್ಷವೇ ಮುಗಿದಿತ್ತು. ಅದನ್ನು ತೋರಿಸಿ ಕೇಳಿದ ಮೇಲೆ ಅವನ ಫೋನ್ ನನಗೆ ಸಿಗಲಿಲ್ಲ.

ಪಶು ವೈದ್ಯರು ಸತ್ತ ಮರಿಯನ್ನು ಕೊಯ್ದು ತೋರಿಸಿದರು. ಜಠರದ ಒಳಗೋಡೆಯ ಮೇಲೆ ಸೂಜಿಮೊನೆಯಷ್ಟು ಸಣ್ಣ ರಕ್ತದ ಚುಕ್ಕೆಗಳು ಸಾಲಾಗಿದ್ದವು. ಕೊಕ್ಕರೆ ರೋಗ, ಅಂದರೆ ರಾಣಿಖೇತ್. ವೈರಸ್ಸಿನಿಂದ ಬರುವ ಇದಕ್ಕೆ ಔಷಧವಿಲ್ಲ, ಮೊದಲೇ ಲಸಿಕೆ ಹಾಕಿಸಬೇಕು, ಅಷ್ಟೇ. ಬೆಳ್ಳುಳ್ಳಿಯೂ ಇಲ್ಲ, ಅಂಗಡಿಯವರು ಕೊಡುವ ಬಣ್ಣದ ಪುಡಿಯೂ ಇಲ್ಲ.

ಈ ಮರಿಗಳು ನಮ್ಮ ನಾಟಿ ಕೋಳಿಗಳ ಜೊತೆ ಒಂದು ದಿನವೂ ಬೆರೆತಿರಲಿಲ್ಲ. ಬೇರೆ ಕೋಣೆ, ಮುಚ್ಚಿದ ಬಾಗಿಲು. ಆದರೂ ರೋಗ ದಾಟಿತು. ಹಿಕ್ಕೆ ಮೆಟ್ಟಿದ ಚಪ್ಪಲಿ, ನೀರು ಹಾಕುವ ಬಕೆಟ್, ಹೊಟ್ಟು ಬಳಿದ ಕೈ, ಇಷ್ಟು ಸಾಕಂತೆ ಅದಕ್ಕೆ. ರೋಗ ಹೊಕ್ಕ ಮೇಲೆ ಹೊರಗೆ ಕಾಣಿಸಲು ಎರಡು ದಿನವೂ ಆಗಬಹುದು, ಎರಡು ವಾರವೂ ಆಗಬಹುದು. ಹಾಗಾಗಿ ಬಂದ ದಿನ ಚುರುಕಾಗಿವೆ ಎಂಬುದು ಏನನ್ನೂ ಹೇಳುವುದಿಲ್ಲ. ಹೊಸ ಮರಿ ಎಲ್ಲಿಂದಲೇ ಬರಲಿ, ಒಂದು ತಿಂಗಳು ದೂರ ಇಡಿ. ಅವುಗಳಿಗೇ ಬೇರೆ ಬಕೆಟ್, ಬೇರೆ ಚಪ್ಪಲಿ ಇರಲಿ. ಮೇವು ನೀರು ಮೊದಲು ಹಳೆಯ ಕೋಳಿಗಳಿಗೆ, ಕೊನೆಯಲ್ಲಿ ಹೊಸ ಮರಿಗಳಿಗೆ.

ಅತ್ತೆಯವರ ಕಪ್ಪು ಹೇಂಟೆ ಪ್ರತಿ ಸಲ ಕಾವಿಗೆ ಕುಳಿತು ಮರಿ ಮಾಡಿ ಹಿತ್ತಲು ತುಂಬಿಸುತ್ತಿತ್ತು. ಅದೂ ಹೋಯಿತು. ಪಕ್ಕದ ಮನೆಯವಳು ಬೇಲಿಯಾಚೆ ನಿಂತು, "ಅಕ್ಕಾ, ಆ ಚಲ್ಲಣ ಹಾಕಿದ ಕೋಳಿಗಳು ಬಂದ ಮೇಲೆಯೇ ಅಲ್ಲವೇ ಇದೆಲ್ಲ?" ಎಂದಳು. ಅವಳಿಗೆ ಮೊಟ್ಟೆಯ ದುಡ್ಡೇ ವಾರದ ಸಂತೆ ಖರ್ಚು. ಮಾರಿದವನ ಪಟ್ಟಿಯಲ್ಲಿ ಅವಳ ನಷ್ಟ ಎಲ್ಲಿಯೂ ಇಲ್ಲ.

ಸತ್ತ ಕೋಳಿಯನ್ನು ಹಳ್ಳಕ್ಕೋ ತಿಪ್ಪೆಗೋ ಎಸೆಯಬೇಡಿ. ನಾಯಿ ಎಳೆದಾಡಿದರೆ ಊರಿಗೆಲ್ಲ ಹಬ್ಬುತ್ತದೆ. ಆಳವಾದ ಗುಂಡಿ ತೋಡಿ ಸುಣ್ಣ ಹಾಕಿ ಹೂಳಬೇಕು. ಒಮ್ಮೆಗೇ ಹಲವು ಸತ್ತರೆ ಪಶು ಆಸ್ಪತ್ರೆಗೆ ತಿಳಿಸಲೇಬೇಕು. ಹಕ್ಕಿಜ್ವರವೂ ಮೊದಲಿಗೆ ಹೀಗೆಯೇ ಕಾಣುತ್ತದೆ, ಅದನ್ನು ಕಣ್ಣಳತೆಯಲ್ಲಿ ನೀವೂ ನಾನೂ ತೀರ್ಮಾನಿಸಲು ಆಗುವುದಿಲ್ಲ.

ನಮ್ಮಲ್ಲಿ ಬದುಕಿ ಉಳಿದದ್ದು ಮೂರು. ಒಂದರ ಕತ್ತು ಇಂದಿಗೂ ಓರೆ. ಕಾಳಿನತ್ತ ಕೊಕ್ಕು ಹಾಕಿದರೆ ಒಂದಂಗುಲ ಪಕ್ಕದ ನೆಲಕ್ಕೆ ಬೀಳುತ್ತದೆ, ಹಾಗಾಗಿ ಅಗಲ ಬಾಯಿಯ ಬೋಗುಣಿಯಲ್ಲಿ ಮೇವು ತುಂಬಿಡುತ್ತೇವೆ. ಬೆಳೆದ ಮೇಲೆ ಇನ್ನೊಂದು ಸತ್ಯ ತಲೆಯೆತ್ತಿತು. ಇವುಗಳಲ್ಲಿ ಎರಡಕ್ಕೆ ನೆಟ್ಟಗೆ ಏಳುವ, ಹಲ್ಲುಹಲ್ಲಿನ ಒಂಟಿ ಜುಟ್ಟು. ಬ್ರಹ್ಮದ ಜುಟ್ಟು ಗಿಡ್ಡ, ಮೂರು ಸಾಲು, ತಲೆಗೆ ಅಂಟಿಕೊಂಡಂತೆ ಇರುತ್ತದೆ. ಕಾಲಿನಲ್ಲಿ ಗರಿ ಇದ್ದ ಮಾತ್ರಕ್ಕೆ ಬ್ರಹ್ಮವಾಗುವುದಿಲ್ಲ, ಕೊಚಿನ್ ಎಂಬ ತಳಿಗೂ ಅದಿದೆ, ಬೆರಕೆ ಮರಿಗಳಿಗೂ ಇದೆ. ಕಾಲ್ಬೆರಳು ಐದಿದ್ದರೂ ಅನುಮಾನ ಪಡಿ, ಬ್ರಹ್ಮಕ್ಕೆ ನಾಲ್ಕೇ. ಇನ್ನು 'ಜೋಡಿ' ಎಂದು ಬಂದ ಈ ಮೂರೂ ಹುಂಜಗಳೇ. ಎಳೆ ಬ್ರಹ್ಮ ಮರಿಯ ಬಣ್ಣ ನೋಡಿ ಗಂಡು ಹೆಣ್ಣು ಹೇಳಲು ಬರುವುದಿಲ್ಲ. ಜೋಡಿಗೆಂದು ಹೆಚ್ಚು ಬೆಲೆ ಕೇಳುವವರಿಗೆ ನಮಸ್ಕಾರ ಹೇಳಿ ಫೋನಿಡಿ.

ಗರಿ ತುಂಬಿದ ಕಾಲು ಮಳೆಗಾಲದಲ್ಲಿ ಇನ್ನೊಂದು ಕಷ್ಟ. ಒದ್ದೆ ಹೊಟ್ಟಿನಲ್ಲಿ ಓಡಾಡಿದರೆ ಹಿಕ್ಕೆ, ಮಣ್ಣು ಬೆರಳಿಗೆ ಮೆತ್ತಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ಬಿಸಿನೀರಿನಲ್ಲಿ ನೆನೆಸಿ ನಿಧಾನವಾಗಿ ಬಿಡಿಸಬೇಕು, ಎಳೆದರೆ ಉಗುರೇ ಕಿತ್ತುಬರುತ್ತದೆ. ಮಾರುವವರು ಯಾರೂ ಇದನ್ನು ಹೇಳುವುದಿಲ್ಲ.

ಕೊಳ್ಳಲೇಬೇಕು ಎನ್ನುವವರು ತಾಯಿಕೋಳಿಗಳನ್ನು ಕಣ್ಣಾರೆ ನೋಡಬಹುದಾದಷ್ಟು ಹತ್ತಿರದಲ್ಲಿ ಕೊಳ್ಳಿ. ಹಣ ಕೊಡುವ ಮೊದಲು ಲಸಿಕೆ ಹಾಕಿದ ತಾರೀಕು ಕೇಳಿ, "ಎಲ್ಲ ಆಗಿದೆ" ಎಂಬ ಉತ್ತರ ಬೇಡ. ಐದರಿಂದ ಏಳನೆಯ ದಿನದೊಳಗೆ ಕಣ್ಣಿಗೆ ಅಥವಾ ಮೂಗಿಗೆ ಒಂದು ಹನಿ ರಾಣಿಖೇತ್ ಲಸಿಕೆ, ಎರಡನೆಯ ವಾರದ ಹೊತ್ತಿಗೆ ಗಂಬೋರೊ ಎಂಬ ಇನ್ನೊಂದು ವೈರಸ್ ರೋಗದ ಲಸಿಕೆ, ನಾಲ್ಕನೆಯ ವಾರ ರಾಣಿಖೇತ್‌ಗೇ ಮತ್ತೆ ಲಸೋಟಾ ಎಂಬ ಲಸಿಕೆ, ಎಂಟನೆಯ ವಾರ ಅದಕ್ಕೇ ಆರ್‌2ಬಿ ಎಂಬ ಚುಚ್ಚುಮದ್ದು, ಸಾಮಾನ್ಯವಾಗಿ ಹೀಗೆ ನಡೆಯುತ್ತದೆ. ನಿಮ್ಮ ಕಡೆಯ ವೈದ್ಯರು ಒಂದೆರಡು ದಿನ ಆಚೀಚೆ ಹೇಳಬಹುದು, ಅವರ ಮಾತು ಕೇಳಿ. ದೊಡ್ಡ ಮೈಯ ಕೋಳಿ ಸಾಕು, ಬ್ರಹ್ಮವೇ ಬೇಕೆಂಬ ಹಟವಿಲ್ಲ ಎನ್ನುವವರಿಗೆ ಬೆಂಗಳೂರಿನ ಹೆಬ್ಬಾಳದಲ್ಲಿ ರೂಪಿಸಿದ ಗಿರಿರಾಜ ಇದೆ. ಕಾಲಿಗೆ ಗರಿಯಿಲ್ಲ, ಚಿತ್ರದಲ್ಲಿ ಅಷ್ಟು ಚಂದ ಕಾಣುವುದಿಲ್ಲ, ಆದರೆ ನಮ್ಮ ಹಿತ್ತಲಿಗೆಂದೇ ಬೆಳೆಸಿದ ತಳಿ.

ನಾಲ್ಕಾರು ಕೋಳಿ ಸಾಕುವವರಿಗೆ ಲಸಿಕೆಯ ನಿಜವಾದ ತೊಡಕು ಬಾಟಲಿಯ ಗಾತ್ರ. ನೂರು ಕೋಳಿಗಾಗುವಷ್ಟು ಒಂದರಲ್ಲಿರುತ್ತದೆ, ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು, ಅಲ್ಲಿಯವರೆಗೂ ಐಸ್ ಮೇಲಿರಬೇಕು. ಈಗ ನಮ್ಮ ಕೇರಿಯವರೆಲ್ಲ ಸೇರಿ ಒಂದೇ ಬಾಟಲಿ ತರಿಸುತ್ತೇವೆ. ನೀವೂ ಹಾಗೆ ಮಾಡುವುದಾದರೆ ಕೋಳಿಗಳನ್ನು ಒಂದೇ ಅಂಗಳಕ್ಕೆ ತಂದು ಗುಡ್ಡೆ ಹಾಕಬೇಡಿ. ಬಾಟಲಿ ಮನೆಯಿಂದ ಮನೆಗೆ ಹೋಗಲಿ, ಅವರವರ ಕೋಳಿಯನ್ನು ಅವರವರೇ ಹಿಡಿದುಕೊಳ್ಳಲಿ, ಹನಿ ಹಾಕುವವರು ಪ್ರತಿ ಮನೆಯ ಗೇಟಿನಲ್ಲೂ ಕಾಲು ತೊಳೆದುಕೊಂಡು ಒಳಗೆ ಹೋಗಲಿ.