ಪ್ರಗತಿಬಂಧುವೋ, ಸ್ತ್ರೀಶಕ್ತಿಯೋ?

ಊರಲ್ಲಿ ಎರಡೂ ಸಂಘ ಇವೆ, ಯಾವುದಕ್ಕೆ ಸೇರಲಿ ಅಂತ ಯೋಚಿಸುತ್ತಿದ್ದೀರಾ? ನಿಮಗೆ ಸಾಲದೆ ಬರುತ್ತಿರುವುದು ಆಳೋ, ಕೈಕಾಸೋ, ಮೊದಲು ಅದನ್ನು ನೋಡಿಕೊಳ್ಳಿ.

ಆಳು ಸಿಗದೆ ಒದ್ದಾಡುವ ಸಣ್ಣ ರೈತರಿಗೆ ಪ್ರಗತಿಬಂಧು ಗುಂಪೇ ಸರಿ. ಇದು 1982ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಶುರುವಾದ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯದ್ದು. ಐದರಿಂದ ಎಂಟು ಜನರ ಗುಂಪು. ವಾರಕ್ಕೊಂದು ದಿನ ಎಲ್ಲರೂ ಸೇರಿ ಒಬ್ಬರ ಜಮೀನಿನಲ್ಲಿ ದುಡಿಯುತ್ತಾರೆ, ಮುಂದಿನ ವಾರ ಇನ್ನೊಬ್ಬರದ್ದು. ನಮ್ಮ ಹಳೇ ಮುಯ್ಯಾಳು ಪದ್ಧತಿಯೇ, ಅಲ್ವಾ? ಅಡಿಕೆ ಸಸಿಗೆ ಗುಂಡಿ ತೋಡುವುದು, ತೋಟಕ್ಕೆ ಸೊಪ್ಪು ಹೊರುವುದು ಒಬ್ಬರಿಂದ ಮುಗಿಯುವ ಕೆಲಸವಲ್ಲ. ಎಂಟು ಕೈ ಸೇರಿದರೆ ಸಂಜೆಯೊಳಗೆ ಸಾಲು ಎದ್ದು ಕಾಣುತ್ತದೆ, ಕೂಲಿಯೂ ಉಳಿಯುತ್ತದೆ. ಉಳಿತಾಯ, ಸಾಲದ ವ್ಯವಸ್ಥೆಯೂ ಇದೆ. ಆದರೆ ನೀವು ಒಂದು ವಾರ ತಪ್ಪಿಸಿಕೊಂಡರೆ ಉಳಿದವರ ಮೇಲೆ ಹೊರೆ. ಬಿಡುವಿಲ್ಲದವರು ಸುಮ್ನೆ ಹೆಸರು ಕೊಡಬೇಡಿ.

ಸ್ತ್ರೀಶಕ್ತಿ ರಾಜ್ಯ ಸರ್ಕಾರದ ಯೋಜನೆ, 2000-01ರಲ್ಲಿ ಬಂದದ್ದು. ಹದಿನೈದು ಇಪ್ಪತ್ತು ಹೆಂಗಸರು ವಾರ ವಾರ ಉಳಿಸಿ, ಅದೇ ದುಡ್ಡಿನಲ್ಲಿ ತಮ್ಮೊಳಗೇ ಸಾಲ ಕೊಟ್ಟುಕೊಳ್ಳುತ್ತಾರೆ. ಅಂಗನವಾಡಿ ಕಾರ್ಯಕರ್ತೆಯ ನೆರವಿರುತ್ತದೆ. ಜಮೀನು ಬೇಕಿಲ್ಲ. ಮಕ್ಕಳ ಫೀಸು, ಹೊಲಿಗೆ ಮಷಿನ್ನಿನಂಥ ಖರ್ಚಿಗೆ ಇದೇ ಹತ್ತಿರದ ದಾರಿ.

ಯಾವುದಕ್ಕೇ ಸೇರಿ, ಒಂದು ಸಭೆಯಲ್ಲಿ ಕೂತು ಲೆಕ್ಕದ ಪುಸ್ತಕ ನೋಡಿ, ಬಡ್ಡಿ ಎಷ್ಟು ಅಂತ ಕೇಳಿ. ಪುಸ್ತಕ ತೋರಿಸಲು ಹಿಂದೆಮುಂದೆ ನೋಡುವ ಗುಂಪು ಬೇಡ.